ಅಲಬ್ಧಭೂಮಿಕತ್ವ: ಚೆಂಡಿನ ಅಭ್ಯಾಸದಲ್ಲಿ ಪ್ರಗತಿ ನಿಲ್ಲುವುದರ ವಿಚಾರ

೧. ಉಪಕ್ರಮ

ಅಭ್ಯಾಸದಿಂದ ವಿದ್ಯೆ ಕೈಗೂಡುವುದೆಂಬುದು ಶಾಸ್ತ್ರಕ್ಕೂ ಲೋಕಾನುಭವಕ್ಕೂ ಸಮ್ಮತವಾದ ವಿಷಯ. ಆದರೆ ಅಭ್ಯಾಸವು ಬಿಡದೆ ನಡೆಯುತ್ತಿದ್ದರೂ ವಿದ್ಯೆಯು ಒಂದೆಡೆಯಲ್ಲಿ ನಿಂತುಬಿಟ್ಟಂತೆ ತೋರುವ ಕಾಲವೊಂದು ಬಹುಮಂದಿ ವಿದ್ಯಾರ್ಥಿಗಳಿಗೆ ಬರುತ್ತದೆ. ನಿನ್ನೆ ಎಷ್ಟೋ ಇಂದೂ ಅಷ್ಟೆ. ಕೆಲವು ದಿನ ನಿನ್ನೆಗಿಂತ ಇಂದೇ ಕಡಮೆ. ಆಗ ಶಿಷ್ಯನಿಗೆ ಮೊದಲು ಬೇಸರವೂ, ಅನಂತರ ತನ್ನಲ್ಲಿಯೇ ಅವಿಶ್ವಾಸವೂ, ಕಡೆಗೆ ವಿದ್ಯಾತ್ಯಾಗವೂ ಉಂಟಾಗುತ್ತವೆ. ಗುರುವಾದವನು ಈ ಸಮಯದಲ್ಲಿ “ನಿನಗೆ ಇದು ಹತ್ತುವುದಿಲ್ಲ” ಎಂದುಬಿಟ್ಟರೆ ಆ ಒಂದು ಮಾತೇ ನಿರ್ಣಯವಾಗಿ ನಿಲ್ಲುತ್ತದೆ. ಅಂಥ ನಿರ್ಣಯಕ್ಕೆ ತಕ್ಕ ಪ್ರಮಾಣವುಂಟೇ ಎಂಬುದೇ ಇಲ್ಲಿಯ ವಿಚಾರ.

ವಿಚಾರಕ್ಕೆ ಉದಾಹರಣೆಯಾಗಿ ಬ್ಯಾಸ್ಕೆಟ್ ಬಾಲ್ ಆಟದ ಒಂದು ಕ್ರಿಯೆಯನ್ನು ತೆಗೆದುಕೊಳ್ಳಲಾಗಿದೆ. ಗೆರೆಯ ಹಿಂದೆ ನಿಂತು, ಯಾರ ಅಡ್ಡಿಯೂ ಇಲ್ಲದೆ, ಚೆಂಡನ್ನು ರಿಂಗಿನೊಳಕ್ಕೆ ಎಸೆಯುವುದೇ ಆ ಕ್ರಿಯೆ. ಆಟಗಾರರು ಇದನ್ನು ಫ್ರೀ ಥ್ರೋ ಎನ್ನುತ್ತಾರೆ. ಸಾಹಿತ್ಯವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ಆಟದ ಮಾತೇಕೆಂದರೆ, ಇಲ್ಲಿ ಫಲವು ಪ್ರತ್ಯಕ್ಷವಾಗಿದೆ. ಪದ್ಯದ ಅರ್ಥವು ವಿದ್ಯಾರ್ಥಿಗೆ ಎಷ್ಟು ಹತ್ತಿತೆಂಬುದರಲ್ಲಿ ವಿವಾದವಿರಬಹುದು. ಚೆಂಡು ಒಳಗೆ ಬಿತ್ತೇ ಇಲ್ಲವೇ ಎಂಬುದರಲ್ಲಿ ವಿವಾದವಿಲ್ಲ. ಇಷ್ಟು ಸ್ಪಷ್ಟವಾದ ಫಲವುಳ್ಳ ವಿದ್ಯೆಯಲ್ಲಿಯೇ ಪ್ರಗತಿಯನ್ನು ಅಳೆಯುವುದು ಕಷ್ಟವೆಂದು ತೋರಿದರೆ, ಉಳಿದ ವಿದ್ಯೆಗಳಲ್ಲಿ ಅಧ್ಯಾಪಕರು ಎಷ್ಟು ಎಚ್ಚರದಿಂದ ಮಾತನಾಡಬೇಕೆಂಬುದು ತಾನಾಗಿ ಸಿದ್ಧಿಸುತ್ತದೆ.

ಕೊಡಗಿನ ದಕ್ಷಿಣಭಾಗದಲ್ಲಿ ಗೋಣಿಕೊಪ್ಪಲಿಗೆ ಸಮೀಪವಾಗಿರುವ ಪೊನ್ನಂಪೇಟೆಯ ಒಬ್ಬ ಬಾಲಕನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಆ ನಾಡು ಹಾಕಿಗೆ ಹೆಸರಾದದ್ದು. ಕೊಡವ ಕುಟುಂಬಗಳು ತಂಡ ಕಟ್ಟಿಕೊಂಡು ಆಡುವ ಹಾಕಿ ಪಂದ್ಯಾವಳಿಯನ್ನು ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಸಂಗತಿ ವಿದಿತವೇ ಆಗಿದೆ. ಇಂಥ ನಾಡಿನ ಹುಡುಗನಿಗೆ ಓಟ, ಕಣ್ಣಿನ ಚುರುಕು, ಚೆಂಡಿನ ಪರಿಚಯ ಇವೆಲ್ಲ ಚಿಕ್ಕಂದಿನಿಂದ ಇರಬಹುದು. ಆದರೂ ಹಾಕಿಯ ಕೋಲನ್ನು ಕೆಳಗಿಟ್ಟು ಬ್ಯಾಸ್ಕೆಟ್ ಬಾಲಿನ ಗೆರೆಯ ಮೇಲೆ ನಿಂತಾಗ ಅವನ ಚೆಂಡು ರಿಂಗಿಗೆ ತಗಲಿ ಹೊರಗೆ ಸಿಡಿಯುತ್ತದೆ. ಮೊದಲ ಕೆಲವು ವಾರಗಳಲ್ಲಿ ಹತ್ತಕ್ಕೆ ಎರಡಿದ್ದದ್ದು ಆರಕ್ಕೆ ಏರುತ್ತದೆ; ಅಲ್ಲಿಂದ ಮುಂದೆ ತಿಂಗಳು ಕಳೆದರೂ ಆರನ್ನು ದಾಟುವುದಿಲ್ಲ. ಇತರ ಆಟಗಳಲ್ಲಿ ಚತುರನೆನಿಸಿದವನಿಗೆ ಈ ನಿಲುಗಡೆ ಇನ್ನಷ್ಟು ದುಸ್ಸಹವಾಗುತ್ತದೆ.

೨. ಲಕ್ಷ್ಯದ ಸ್ವರೂಪ

ಈ ಆಟವನ್ನು ೧೮೯೧ನೆಯ ಇಸವಿ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ. ಎಂ. ಸಿ. ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಹದಿಮೂರು ನಿಯಮಗಳೊಡನೆ ಏರ್ಪಡಿಸಿದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವುದಕ್ಕೆ ಒಂದು ಆಟ ಬೇಕಾಗಿತ್ತು. ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿ ಅವುಗಳೊಳಗೆ ಚೆಂಡನ್ನು ಹಾಕುವುದೆಂದು ಗೊತ್ತುಮಾಡಿದರು. ಬುಟ್ಟಿ ಹೋಗಿ ಕಬ್ಬಿಣದ ರಿಂಗು ಬಂದರೂ ಹತ್ತು ಅಡಿಯ ಎತ್ತರ ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ.

ರಿಂಗಿನ ಒಳವ್ಯಾಸ ಹದಿನೆಂಟು ಅಂಗುಲ. ದೊಡ್ಡವರು ಆಡುವ ಚೆಂಡಿನ ವ್ಯಾಸ ಸುಮಾರು ಒಂಬತ್ತೂವರೆ ಅಂಗುಲ. ಎಸೆಯುವ ಗೆರೆಗೂ ರಿಂಗಿನ ಹಿಂದಿರುವ ಬೋರ್ಡಿಗೂ ಹದಿನೈದು ಅಡಿ. ರಿಂಗು ಚೆಂಡಿನ ಎರಡರಷ್ಟು ಅಗಲವಾಗಿರುವುದರಿಂದ ಕೆಲಸ ಸುಲಭವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಆ ಅಗಲವೆಲ್ಲ ನೇರವಾಗಿ ಮೇಲಿನಿಂದ ಇಳಿಯುವ ಚೆಂಡಿಗೆ ಮಾತ್ರ. ಓರೆಯಾಗಿ ಬರುವ ಚೆಂಡಿಗೆ ವೃತ್ತವು ಚಪ್ಪಟೆಯಾಗಿ ಎದುರಾಗುತ್ತದೆ. ನಲವತ್ತೈದು ಅಂಶದ ಓರೆಯಲ್ಲಿ ಬರುವ ಚೆಂಡಿಗೆ ದಾರಿಯ ಅಗಲ ಹದಿಮೂರು ಅಂಗುಲಕ್ಕಿಂತ ಕಡಮೆ; ಮೂವತ್ತು ಅಂಶದಲ್ಲಿ ಬಂದರೆ ಒಂಬತ್ತೇ ಅಂಗುಲ, ಎಂದರೆ ಚೆಂಡಿಗಿಂತ ಚಿಕ್ಕದು. ಆದುದರಿಂದ ಚೆಂಡನ್ನು ಚಪ್ಪಟೆಯಾಗಿ ಎಸೆಯುವವನು ಎಷ್ಟು ನೇರವಾಗಿ ಎಸೆದರೂ ರಿಂಗಿಗೆ ತಗಲದೆ ಒಳಕ್ಕೆ ಹಾಕಲಾರನು. ಅವನ ಗುರಿ ತಪ್ಪಿಲ್ಲ; ಅವನ ಕಮಾನು ತಪ್ಪಿದೆ. ಈ ಭೇದವನ್ನರಿಯದೆ ಸಾವಿರ ಸಲ ಎಸೆದರೂ ಆ ಸಾವಿರವೂ ಒಂದೇ ತಪ್ಪಿನ ಸಾವಿರ ಆವೃತ್ತಿಯಾದೀತು.

೩. ಎರಡು ಸಂಸ್ಕಾರಗಳು

ಎಸೆತದ ವಿಚಾರವು ನಮ್ಮ ಶಾಸ್ತ್ರಕಾರರಿಗೆ ಅಪರಿಚಿತವಲ್ಲ. ವೈಶೇಷಿಕದರ್ಶನದ ಐದನೆಯ ಅಧ್ಯಾಯದಲ್ಲಿ ಬಾಣದ ಗತಿಯ ಮೀಮಾಂಸೆಯಿದೆ. ಪ್ರಶಸ್ತಪಾದರು ಕರ್ಮನಿರೂಪಣದಲ್ಲಿ, ಕೈಯಿಂದ ಎಸೆಯಲ್ಪಡುವ ಆಯುಧವು ಹೇಗೆ ಚಲಿಸುವುದೆಂಬುದನ್ನು ಮೆಟ್ಟಿಲುಮೆಟ್ಟಿಲಾಗಿ ವಿವರಿಸಿದ್ದಾರೆ. ಎಸೆಯಬೇಕೆಂಬ ಇಚ್ಛೆಯಿಂದ ಪ್ರಯತ್ನ. ಪ್ರಯತ್ನದಿಂದ ಕೈಯಲ್ಲಿ ಚಲನೆ. ಕೈಯ ನೋದನದಿಂದ ವಸ್ತುವಿನಲ್ಲಿ ಚಲನೆ. ಆ ಚಲನೆಯಿಂದ ವೇಗವೆಂಬ ಸಂಸ್ಕಾರ. ಕೈ ಬಿಟ್ಟ ಮೇಲೆ ಆ ಸಂಸ್ಕಾರದಿಂದಲೇ ಮುಂದಣ ಗತಿ. ಕಡೆಯಲ್ಲಿ ಗುರುತ್ವದಿಂದ ಪತನ. ಗುರುತ್ವವು ಕೈ ಬಿಟ್ಟ ಕ್ಷಣದಿಂದಲೇ ಸತತವಾಗಿ ಕೆಲಸಮಾಡುತ್ತದೆಂದೂ, ಎಸೆದ ವಸ್ತುವಿನ ಮಾರ್ಗವು ಪರವಲಯಾಕಾರವೆಂದೂ ಆಧುನಿಕರು ನಿರ್ಣಯಿಸಿರುವುದರಿಂದ ಈ ವಿವರಣೆಯ ಕೊನೆಯ ಭಾಗವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಗೆಲಿಲಿಯೋ ಈ ಮಾರ್ಗವನ್ನು ೧೬೩೮ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಆದರೆ ಒಂದು ಅಂಶ ಇಂದಿಗೂ ಉಪಯುಕ್ತವಾಗಿದೆ: ಚೆಂಡು ಬೆರಳನ್ನು ಬಿಟ್ಟ ಮೇಲೆ ಎಸೆದವನ ಅಧಿಕಾರ ಮುಗಿಯಿತು. ಅವನ ವಶದಲ್ಲಿರುವುದು ನೋದನವೇ ಹೊರತು ಪತನವಲ್ಲ.

ಇಲ್ಲಿ ಗಮನಾರ್ಹವಾದ ಸಂಗತಿಯೊಂದುಂಟು. ವೈಶೇಷಿಕರು ಸಂಸ್ಕಾರವೆಂಬ ಒಂದೇ ಗುಣದಲ್ಲಿ ವೇಗ, ಭಾವನಾ, ಸ್ಥಿತಿಸ್ಥಾಪಕವೆಂದು ಮೂರು ಭೇದಗಳನ್ನು ಹೇಳುತ್ತಾರೆ. ವೇಗವು ಮೂರ್ತದ್ರವ್ಯದಲ್ಲಿರುವುದು, ಭಾವನೆಯು ಆತ್ಮನಲ್ಲಿರುವುದು, ಸ್ಮೃತಿಗೆ ಕಾರಣವಾದದ್ದು. ಭಾವನೆಗೆ ಪ್ರಶಸ್ತಪಾದರು ಹೇಳುವ ಕಾರಣಗಳು ಮೂರು: ಪಟುವಾದ ಅನುಭವ, ಅಭ್ಯಾಸ, ಆದರ. ಅಭ್ಯಾಸಕ್ಕೆ ಉದಾಹರಣೆ ಕೊಡುವಾಗ ಅವರು ವಿದ್ಯೆ ಮತ್ತು ಶಿಲ್ಪಗಳ ಜೊತೆಯಲ್ಲಿಯೇ ವ್ಯಾಯಾಮವನ್ನೂ ಎಣಿಸಿ, ಮೊದಮೊದಲಿನ ಸಂಸ್ಕಾರವನ್ನು ಅಪೇಕ್ಷಿಸಿಕೊಂಡು ಮುಂದುಮುಂದಿನ ಪ್ರತ್ಯಯಗಳಿಂದ ಸಂಸ್ಕಾರಕ್ಕೆ ಅತಿಶಯವುಂಟಾಗುವುದೆಂದು ಹೇಳಿದ್ದಾರೆ. ವೇದಾಧ್ಯಯನಕ್ಕೂ ಗರಡಿಯ ಕಸರತ್ತಿಗೂ ಅವರ ದೃಷ್ಟಿಯಲ್ಲಿ ಅಭ್ಯಾಸದ ನ್ಯಾಯ ಒಂದೇ.

ಹೀಗಿರಲು ಫ್ರೀ ಥ್ರೋ ಎಂಬ ಒಂದು ಕ್ರಿಯೆಯಲ್ಲಿ ಎರಡು ಸಂಸ್ಕಾರಗಳು ಕೂಡಿವೆ. ಚೆಂಡಿನಲ್ಲಿ ವೇಗ, ಎಸೆಯುವವನಲ್ಲಿ ಭಾವನೆ. ಮೊದಲನೆಯದರ ಕಾರ್ಯ ಕ್ಷಣಮಾತ್ರದಲ್ಲಿ ಮುಗಿದು ಕಣ್ಣಿಗೆ ಕಾಣುತ್ತದೆ. ಎರಡನೆಯದು ನಿಧಾನವಾಗಿ ಸಂಚಯವಾಗತಕ್ಕದ್ದು, ಅತೀಂದ್ರಿಯವಾದದ್ದು, ಕಾರ್ಯದಿಂದ ಅನುಮೇಯವಾದದ್ದು. ಬಾಲಕನು ಪ್ರತಿದಿನವೂ ಮೊದಲನೆಯದನ್ನು ನೋಡಿ ಎರಡನೆಯದರ ವಿಷಯದಲ್ಲಿ ತೀರ್ಪು ಕೊಡುತ್ತಿದ್ದಾನೆ. ಅವನ ಹತಾಶೆಯ ಮೂಲ ಇಲ್ಲಿದೆ.

೪. ಅಂತರಾಯಗಳ ವಿಭಾಗ

ಅಭ್ಯಾಸದ ಅಡ್ಡಿಗಳನ್ನು ಅತ್ಯಂತ ಸೂಕ್ಷ್ಮವಾಗಿ ವಿಂಗಡಿಸಿದವರು ಪತಂಜಲಿಗಳು. ಯೋಗಸೂತ್ರದ ಮೊದಲನೆಯ ಪಾದದ ಮೂವತ್ತನೆಯ ಸೂತ್ರದಲ್ಲಿ ಒಂಬತ್ತು ಅಂತರಾಯಗಳು ಎಣಿಸಲ್ಪಟ್ಟಿವೆ. ಅವು ವ್ಯಾಧಿ, ಸ್ತ್ಯಾನ, ಸಂಶಯ, ಪ್ರಮಾದ, ಆಲಸ್ಯ, ಅವಿರತಿ, ಭ್ರಾಂತಿದರ್ಶನ, ಅಲಬ್ಧಭೂಮಿಕತ್ವ, ಅನವಸ್ಥಿತತ್ವ ಎಂಬುವು. ಸಮಾಧಿಯ ಅಡ್ಡಿಗಳನ್ನು ಚೆಂಡಾಟಕ್ಕೆ ಅನ್ವಯಿಸುವುದು ಅನುಚಿತವೆಂದು ಇಲ್ಲಿ ಆಕ್ಷೇಪ ಬರಬಹುದು. ಎರಡರ ಪ್ರಯೋಜನ ಬೇರೆಯೆಂಬುದು ನಿಜ; ಅಭ್ಯಾಸದ ಸ್ವಭಾವ ಬೇರೆಯಲ್ಲ. ವಿದ್ಯೆಯನ್ನೂ ವ್ಯಾಯಾಮವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಪ್ರಶಸ್ತಪಾದರ ಮಾತೇ ಇದಕ್ಕೆ ಸಮಾಧಾನ.

ಈ ಒಂಬತ್ತರಲ್ಲಿ ಕೆಲವನ್ನು ಅಧ್ಯಾಪಕರು ಸಾಮಾನ್ಯವಾಗಿ ಬಲ್ಲರು. ಮೈಗೆ ಸ್ವಸ್ಥವಿಲ್ಲದಿದ್ದರೆ ವ್ಯಾಧಿ. ಮೈ ಮನಸ್ಸು ಭಾರವಾಗಿ ಏಳದಿದ್ದರೆ ಆಲಸ್ಯ. ಪ್ರಗತಿ ನಿಂತ ಹುಡುಗನನ್ನು ಕಂಡಕೂಡಲೇ ಆಲಸ್ಯವೆಂದು ನಿರ್ಣಯಿಸುವುದು ಲೋಕದ ವಾಡಿಕೆ. ಆದರೆ ಬೆಳಗ್ಗೆ ಎದ್ದು ಮೈದಾನಕ್ಕೆ ಬಂದು ನೂರು ಸಲ ಎಸೆಯುವವನಲ್ಲಿ ಆಲಸ್ಯವೆಲ್ಲಿ? ಅವನಲ್ಲಿರುವುದು ಬೇರೊಂದು.

ಅದು ಸಂಶಯವಾಗಿರಬಹುದು. ಇಂದು ಮೊಣಕೈಯನ್ನು ಒಳಕ್ಕೆ ತಂದು ನೋಡುವುದು, ನಾಳೆ ಅದನ್ನು ಬಿಟ್ಟು ಪಾದವನ್ನು ತಿರುಗಿಸುವುದು, ನಾಡಿದ್ದು ಮತ್ತೊಬ್ಬನ ರೀತಿಯನ್ನು ಅನುಕರಿಸುವುದು, ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ಯಾವ ರೀತಿಯ ಸಂಸ್ಕಾರವೂ ನೆಲೆಗೊಳ್ಳುವುದಿಲ್ಲ. ಅದು ಭ್ರಾಂತಿದರ್ಶನವಾಗಿರಬಹುದು. ಹಿಂದೆ ಹೇಳಿದಂತೆ ಚಪ್ಪಟೆಯಾಗಿ ಎಸೆಯುವುದೇ ಸರಿಯೆಂದು ತಿಳಿದವನಿಗೆ ಹೆಚ್ಚಿನ ಅಭ್ಯಾಸದಿಂದ ಹೆಚ್ಚುವುದು ಆ ತಪ್ಪೇ. ಸಂಸ್ಕಾರಕ್ಕೆ ಕಣ್ಣಿಲ್ಲ, ಸರಿಯನ್ನು ಆವರ್ತಿಸಿದರೆ ಸರಿಯೂ ತಪ್ಪನ್ನು ಆವರ್ತಿಸಿದರೆ ತಪ್ಪೂ ದೃಢವಾಗುತ್ತವೆ. ಈ ಎರಡು ಸಂದರ್ಭಗಳಲ್ಲಿ ಮಾತ್ರ “ಇನ್ನೂ ಹೆಚ್ಚಾಗಿ ಅಭ್ಯಾಸಮಾಡು” ಎಂಬ ಉಪದೇಶವು ಅಪಕಾರಕ. ಇಲ್ಲಿ ಬೇಕಾದದ್ದು ಬಲ್ಲವನೊಬ್ಬನ ಕಣ್ಣು.

ಉಳಿದ ಎರಡರ ಭೇದವು ಅತ್ಯಂತ ಉಪಯುಕ್ತವಾದದ್ದು. ಅಲಬ್ಧಭೂಮಿಕತ್ವವೆಂದರೆ ಮುಂದಿನ ಭೂಮಿಕೆಯು ಇನ್ನೂ ದೊರೆಯದಿರುವುದು. ಅನವಸ್ಥಿತತ್ವವೆಂದರೆ ದೊರೆತ ಭೂಮಿಕೆಯಲ್ಲಿ ಚಿತ್ತವು ನಿಲ್ಲದಿರುವುದು. ಹತ್ತಕ್ಕೆ ಆರನ್ನು ಎಂದೂ ದಾಟದವನು ಮೊದಲನೆಯವನು. ಅಭ್ಯಾಸದಲ್ಲಿ ಎಂಟನ್ನು ಹಾಕಿ, ಪಂದ್ಯದಲ್ಲಿ ನಾಲ್ಕು ಮಂದಿ ನೋಡುವಾಗ ಮೂರಕ್ಕೆ ಇಳಿಯುವವನು ಎರಡನೆಯವನು. ಹೊರಗಿನಿಂದ ಇಬ್ಬರೂ ಸೋತವರೇ. ಆದರೆ ಒಬ್ಬನಿಗೆ ವಿದ್ಯೆ ಇನ್ನೂ ಬೆಳೆಯಬೇಕು. ಇನ್ನೊಬ್ಬನಿಗೆ ವಿದ್ಯೆಯಿದೆ, ನೆಲೆಯಿಲ್ಲ. ಮೊದಲನೆಯವನಿಗೆ ಬೇಕಾದದ್ದು ಕಾಲ. ಎರಡನೆಯವನಿಗೆ ಬೇಕಾದದ್ದು ಚಿತ್ತಸ್ಥೈರ್ಯ. ಇಬ್ಬರಿಗೂ ಒಂದೇ ಔಷಧವನ್ನು ಕೊಡುವ ವೈದ್ಯನು ಒಬ್ಬನನ್ನಂತೂ ಕೆಡಿಸುತ್ತಾನೆ.

೫. ಎಣಿಕೆಯೆಂಬ ಸಾಕ್ಷಿ

ಪ್ರಗತಿಯಿಲ್ಲವೆಂಬ ಜ್ಞಾನವಾದರೂ ಹೇಗೆ ಉಂಟಾಯಿತು? ಬಾಲಕನು ಹತ್ತು ಸಲ ಎಸೆದು ಎಣಿಸಿದನು; ಮೊನ್ನೆ ಏಳು, ನಿನ್ನೆ ಆರು, ಇಂದು ನಾಲ್ಕು. ಆದುದರಿಂದ ತನ್ನ ಕೈ ಕೆಟ್ಟಿತೆಂದು ಅನುಮಾನಿಸಿದನು. ಈ ಅನುಮಾನದ ಹೇತುವನ್ನು ನೈಯಾಯಿಕರ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ನೂರಕ್ಕೆ ಅರವತ್ತನ್ನು ಹಾಕುವ ಸಾಮರ್ಥ್ಯವುಳ್ಳ ಒಬ್ಬನು, ಸಾಮರ್ಥ್ಯದಲ್ಲಿ ಯಾವ ಏರುಪೇರೂ ಇಲ್ಲದೆ, ದಿನಕ್ಕೆ ಹತ್ತು ಸಲ ಎಸೆಯುತ್ತಾನೆಂದು ಇಟ್ಟುಕೊಂಡು, ಒಂದು ಎಸೆತದ ಫಲ ಇನ್ನೊಂದನ್ನು ಬಾಧಿಸುವುದಿಲ್ಲವೆಂದು ಭಾವಿಸಿ ಸಂಭಾವ್ಯತಾಗಣಿತದಿಂದ ಲೆಕ್ಕಹಾಕಿದರೆ, ಸುಮಾರು ಆರು ದಿನಗಳಿಗೊಮ್ಮೆ ಅವನಿಗೆ ನಾಲ್ಕೋ ಅದಕ್ಕಿಂತ ಕಡಮೆಯೋ ಬೀಳುತ್ತವೆ. ಹಾಗೆಯೇ ಸುಮಾರು ಆರು ದಿನಗಳಿಗೊಮ್ಮೆ ಎಂಟೋ ಅದಕ್ಕಿಂತ ಹೆಚ್ಚೋ ಬೀಳುತ್ತವೆ. ನಾಲ್ಕು ಬಿದ್ದ ದಿನ ಅವನು ಕೆಟ್ಟವನೂ ಅಲ್ಲ, ಎಂಟು ಬಿದ್ದ ದಿನ ಒಳ್ಳೆಯವನೂ ಅಲ್ಲ. ಎರಡು ದಿನವೂ ಅವನು ಅವನೇ. ಸಾಮರ್ಥ್ಯವು ಕುಗ್ಗಿದಾಗಲೂ ಕುಗ್ಗದಿದ್ದಾಗಲೂ ಕಾಣಬರುವುದರಿಂದ “ಇಂದು ನಾಲ್ಕು ಬಿದ್ದವು” ಎಂಬುದು ಸವ್ಯಭಿಚಾರವಾದ ಹೇತು. ಅದರಿಂದ ಸಾಧ್ಯವು ಸಿದ್ಧಿಸುವುದಿಲ್ಲ. ಇದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಅವನ ಸಾಮರ್ಥ್ಯವು ಅರವತ್ತರಿಂದ ಅರವತ್ತೈದಕ್ಕೆ ನಿಜವಾಗಿಯೂ ಏರಿದ್ದರೂ ಹತ್ತು ಎಸೆತಗಳ ಎಣಿಕೆಯಲ್ಲಿ ಆ ಏರಿಕೆ ಕಾಣಿಸುವುದೇ ಇಲ್ಲ. ನೂರರ ಎಣಿಕೆಯಲ್ಲಿಯೂ ಐದರಷ್ಟು ಹೆಚ್ಚುಕಡಮೆ ಸ್ವಾಭಾವಿಕ. ಹಲವು ನೂರುಗಳನ್ನು ಕೂಡಿಸಿ ತಿಂಗಳಿಗೂ ತಿಂಗಳಿಗೂ ಹೋಲಿಸಿದಾಗ ಮಾತ್ರ ಅದು ತಲೆದೋರುತ್ತದೆ. ಪ್ರಗತಿಯಿದ್ದೂ ಪ್ರಗತಿಯಿಲ್ಲವೆಂದು ಅಳುವವರು ಲೋಕದಲ್ಲಿ ಎಷ್ಟು ಮಂದಿಯಿರಬೇಕೆಂಬುದನ್ನು ಇದರಿಂದ ಊಹಿಸಬಹುದು.

ಇನ್ನೊಂದು ಸಂಗತಿಯೂ ಸಮಾಧಾನಕರವಾಗಿದೆ. ಆಟವನ್ನೇ ವೃತ್ತಿಯಾಗಿ ಮಾಡಿಕೊಂಡ ಅಮೆರಿಕದ ಎನ್. ಬಿ. ಎ. ಆಟಗಾರರು ಸಹ ಫ್ರೀ ಥ್ರೋದಲ್ಲಿ ಅನೇಕ ದಶಕಗಳಿಂದ ಸರಾಸರಿಯಲ್ಲಿ ನೂರಕ್ಕೆ ಎಪ್ಪತ್ತೈದರ ಆಸುಪಾಸಿನಲ್ಲಿಯೇ ಇದ್ದಾರೆ. ಶಕೀಲ್ ಓನೀಲ್ ಎಂಬ ಮಹಾ ಆಟಗಾರನು ತನ್ನ ವೃತ್ತಿಜೀವನವೆಲ್ಲ ಸೇರಿ ನೂರಕ್ಕೆ ಐವತ್ತಮೂರನ್ನು ಮುಟ್ಟಲಿಲ್ಲ. ಆದರೂ ಅವನು ಮಹಾ ಆಟಗಾರನೇ. ಈ ವಿದ್ಯೆಯ ಮೆಟ್ಟಿಲುಗಳು ಸ್ವಭಾವತಃ ಎತ್ತರವಾದವು.

೬. ಸಮತಲದ ವಿಚಾರ

ಆಧುನಿಕ ಮನಶ್ಶಾಸ್ತ್ರದಲ್ಲಿ ಈ ವಿಷಯವನ್ನು ಮೊದಲು ಅಳೆದು ತೋರಿಸಿದವರಲ್ಲಿ ಬ್ರಯನ್ ಮತ್ತು ಹಾರ್ಟರ್ ಎಂಬ ಅಮೆರಿಕದ ವಿದ್ವಾಂಸರು ಮುಖ್ಯರು. ೧೮೯೭ ಮತ್ತು ೧೮೯೯ರಲ್ಲಿ ಪ್ರಕಟವಾದ ಲೇಖನಗಳಲ್ಲಿ ಅವರು ತಂತಿ ಕಳುಹಿಸುವುದನ್ನೂ ತಂತಿಯ ಸಂಕೇತವನ್ನು ಕಿವಿಯಿಂದ ಗ್ರಹಿಸುವುದನ್ನೂ ಕಲಿಯುವವರ ಪ್ರಗತಿಯನ್ನು ರೇಖೆಗಳಾಗಿ ಬರೆದರು. ಗ್ರಹಣದ ರೇಖೆಯು ಏರುತ್ತ ಬಂದು, ನಡುವೆ ವಾರಗಟ್ಟಲೆ ಸಮವಾಗಿ ನಿಂತು, ಮತ್ತೆ ಏರಿತು. ಅಕ್ಷರ, ಪದ, ಪದಸಮುದಾಯವೆಂಬ ಮೂರು ಅಂತಸ್ತುಗಳಿದ್ದು, ಕೆಳಗಿನದು ಯತ್ನವಿಲ್ಲದೆ ನಡೆಯುವಷ್ಟು ರೂಢವಾಗುವವರೆಗೆ ಮೇಲಿನದಕ್ಕೆ ಚಿತ್ತವು ಬಿಡುವಾಗುವುದಿಲ್ಲವೆಂದು ಅವರು ಇದನ್ನು ವಿವರಿಸಿದರು. ಇರ್ಪಿನಿಂದ ಬ್ರಹ್ಮಗಿರಿಯನ್ನು ಹತ್ತುವವನಿಗೆ ನಡುವೆ ಸಮವಾದ ಹುಲ್ಲುನೆಲ ಸಿಕ್ಕಿದಾಗ ಏರಿಕೆ ನಿಂತಂತೆ ಕಂಡರೂ ದಾರಿ ಸಾಗುತ್ತಲೇ ಇರುವಂತೆ ಇದನ್ನು ತಿಳಿಯಬಹುದು.

ಈ ಮತವನ್ನು ಎಲ್ಲರೂ ಒಪ್ಪಿಲ್ಲ. ಇಂಥ ಸಮತಲವು ಕಲಿಕೆಯಲ್ಲಿ ಅನಿವಾರ್ಯವಲ್ಲವೆಂದು ೧೯೫೮ರಲ್ಲಿ ಕೆಲ್ಲರ್ ಎಂಬ ವಿದ್ವಾಂಸರು ಅದನ್ನು ಭೂತಸಮಾನವಾದ ಕಲ್ಪನೆಯೆಂದೇ ಕರೆದರು. ಎರಡು ಮತಗಳನ್ನೂ ನೋಡಿದರೆ ಗ್ರಾಹ್ಯವಾಗುವುದಿಷ್ಟು: ಸಮತಲವು ಪ್ರತಿಯೊಬ್ಬನಿಗೂ ಬಂದೇ ತೀರಬೇಕೆಂಬ ನಿಯಮವಿಲ್ಲ, ಬಂದಾಗ ಅದೇ ಸಾಮರ್ಥ್ಯದ ಮೇರೆಯೆಂದು ಹೇಳುವುದಕ್ಕೂ ಆಧಾರವಿಲ್ಲ.

ಕೆಳಗಿನ ಅಂತಸ್ತು ರೂಢವಾಗುವುದೆಂದರೇನೆಂಬುದಕ್ಕೆ ಮಹಾಭಾರತದ ಆದಿಪರ್ವದಲ್ಲಿ ಸುಂದರವಾದ ಪ್ರಸಂಗವಿದೆ. ಅರ್ಜುನನಿಗೆ ಕತ್ತಲೆಯಲ್ಲಿ ಊಟ ಬಡಿಸಕೂಡದೆಂದು ದ್ರೋಣನು ಅಡುಗೆಯವನಿಗೆ ಗುಟ್ಟಾಗಿ ಹೇಳಿದ್ದನು. ಒಂದು ರಾತ್ರಿ ಊಟದ ನಡುವೆ ಗಾಳಿಗೆ ದೀಪ ಆರಿತು. ಆದರೂ ಅರ್ಜುನನ ಕೈ ಬಾಯಿಗೆ ತಪ್ಪದೆ ಹೋಗುತ್ತಿತ್ತು. ಇದು ಅಭ್ಯಾಸದ ಬಲವೆಂದು ಅರಿತ ಅವನು ಅಂದಿನಿಂದ ಇರುಳಲ್ಲಿ ಬಾಣಪ್ರಯೋಗವನ್ನು ಸಾಧಿಸತೊಡಗಿದನು. ಹಾಕಿಯ ಕೋಲು ಕೈಯಲ್ಲಿರುವಾಗ ಪೊನ್ನಂಪೇಟೆಯ ಬಾಲಕನ ಸ್ಥಿತಿ ಇದೇ. ಮಣಿಕಟ್ಟು ಹೇಗೆ ತಿರುಗಿತೆಂದು ಅವನು ಯೋಚಿಸುವುದಿಲ್ಲ. ಬ್ಯಾಸ್ಕೆಟ್ ಬಾಲಿನ ಗೆರೆಯ ಮೇಲೆ ಪಾದ, ಮೊಣಕಾಲು, ಮೊಣಕೈ, ಮಣಿಕಟ್ಟು ಎಲ್ಲವನ್ನೂ ಅವನು ಯೋಚಿಸಬೇಕಾಗಿದೆ. ಇವು ಒಂದೊಂದಾಗಿ ಯೋಚನೆಯಿಂದ ಜಾರಿ ರೂಢಿಗೆ ಇಳಿಯುತ್ತಿರುವ ಕಾಲದಲ್ಲಿ ಎಣಿಕೆ ಏರದಿರಬಹುದು. ಕೆಲಸ ಮಾತ್ರ ನಡೆಯುತ್ತಿರುತ್ತದೆ.

೭. ಸಹಚಾರಿಗಳೂ ಅವುಗಳ ಪರಿಹಾರವೂ

ಅಂತರಾಯಗಳ ಜೊತೆಗಾರರನ್ನು ಪತಂಜಲಿಗಳು ಮುಂದಿನ ಸೂತ್ರದಲ್ಲಿ ಹೇಳುತ್ತಾರೆ: ದುಃಖ, ದೌರ್ಮನಸ್ಯ, ಅಂಗಮೇಜಯತ್ವ, ಶ್ವಾಸ ಮತ್ತು ಪ್ರಶ್ವಾಸ. ದೌರ್ಮನಸ್ಯವೆಂದರೆ ಬಯಸಿದ್ದು ತಡೆಯಲ್ಪಟ್ಟಾಗ ಚಿತ್ತದಲ್ಲಿ ಏಳುವ ಕ್ಷೋಭೆಯೆಂಬುದು ವ್ಯಾಸಭಾಷ್ಯದ ಅಭಿಪ್ರಾಯ. ಇಂದಿನವರು ಹತಾಶೆಯೆನ್ನುವುದು ಇದನ್ನೇ. ಅಂಗಮೇಜಯತ್ವವು ಅವಯವಗಳ ನಡುಕ. ಶ್ವಾಸಪ್ರಶ್ವಾಸಗಳು ವಶತಪ್ಪಿದ ಉಸಿರಾಟ. ಹತಾಶೆಯು ಚಿತ್ತದಲ್ಲಿ ಹುಟ್ಟಿ ಮೈಗೂ ಉಸಿರಿಗೂ ಇಳಿಯುತ್ತದೆ. ನಡುಗುವ ಕೈಯಿಂದ ಹೋದ ಚೆಂಡು ತಪ್ಪುತ್ತದೆ. ತಪ್ಪಿದ್ದರಿಂದ ಹತಾಶೆ ಹೆಚ್ಚುತ್ತದೆ. ಇದೊಂದು ಚಕ್ರಕ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಕಂಡವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಉಸಿರು ನಿಲ್ಲದವನ ಕೋವಿಯ ಮೂತಿ ನಿಲ್ಲುವುದಿಲ್ಲ.

ಪರಿಹಾರವೂ ಅಲ್ಲಿಯೇ ಹೇಳಲ್ಪಟ್ಟಿದೆ. ಒಂದೇ ತತ್ತ್ವದಲ್ಲಿ ಚಿತ್ತವನ್ನು ನಿಲ್ಲಿಸುವ ಅಭ್ಯಾಸವು ಮೊದಲನೆಯದು. ಮರದ ಮೇಲಿನ ಹಕ್ಕಿಯನ್ನು ತೋರಿಸಿ ದ್ರೋಣನು ಶಿಷ್ಯರನ್ನು ಪರೀಕ್ಷಿಸಿದ ಕಥೆ ಪ್ರಸಿದ್ಧ. ಉಳಿದವರು ಮರವನ್ನೂ ಗುರುವನ್ನೂ ಸೋದರರನ್ನೂ ಕಂಡರು. ಅರ್ಜುನನು ಹಕ್ಕಿಯ ತಲೆಯನ್ನು ಮಾತ್ರ ಕಂಡನು. ೧೯೯೬ರಲ್ಲಿ ಜೋನ್ ವಿಕರ್ಸ್ ಎಂಬ ವಿದುಷಿಯು ಫ್ರೀ ಥ್ರೋ ಎಸೆಯುವವರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು, ನಿಪುಣರ ದೃಷ್ಟಿಯು ಎಸೆಯುವುದಕ್ಕೆ ಮುನ್ನ ರಿಂಗಿನ ಮೇಲೆ ಹೆಚ್ಚು ಹೊತ್ತು ಅಲುಗದೆ ನಿಲ್ಲುವುದನ್ನು ಕಂಡುಹಿಡಿದರು. ೨೦೦೫ರಲ್ಲಿ ಪ್ರಕಟವಾದ ಮತ್ತೊಂದು ಪರಿಶೋಧನೆಯಲ್ಲಿ, ತಮ್ಮ ಮಣಿಕಟ್ಟಿನ ಮೇಲೆ ಗಮನವಿಟ್ಟವರಿಗಿಂತ ರಿಂಗಿನ ಮೇಲೆ ಗಮನವಿಟ್ಟವರ ಎಸೆತ ಹೆಚ್ಚು ನಿಖರವಾಗಿತ್ತೆಂದು ತಿಳಿದುಬಂದಿತು. ಹತಾಶನಾದವನು ಮಾಡುವುದು ಇದರ ವಿಪರೀತ. ಅವನ ಗಮನವೆಲ್ಲ ತನ್ನ ಕೈಯ ಮೇಲೆ, ತನ್ನ ತಪ್ಪಿನ ಮೇಲೆ.

ಎರಡನೆಯದು, ಉಸಿರನ್ನು ನಿಧಾನವಾಗಿ ಹೊರಬಿಟ್ಟು ನಿಲ್ಲಿಸುವುದು. ಅನವಸ್ಥಿತತ್ವದಿಂದ ಪೀಡಿತನಾದವನಿಗೆ ಇದು ಕೂಡಲೇ ಕೈಗೆಟಕುವ ಉಪಾಯ. ಮೂರನೆಯದು ಮುದಿತಾ, ಎಂದರೆ ಇನ್ನೊಬ್ಬನ ಒಳ್ಳೆಯದನ್ನು ಕಂಡು ಸಂತೋಷಪಡುವುದು. ಜೊತೆಯವನ ಚೆಂಡು ಬಿದ್ದಾಗ ಮನಸ್ಸು ಮುದುಡುವುದಾದರೆ ಅಭ್ಯಾಸದ ಅರ್ಧಭಾಗ ಮತ್ಸರಕ್ಕೆ ವ್ಯಯವಾಗುತ್ತದೆ. ಸಂತೋಷದಿಂದ ನೋಡಿದವನಿಗೆ ಆ ಎಸೆತವೇ ಪಾಠವಾಗುತ್ತದೆ.

೮. ಅಭ್ಯಾಸದ ಕ್ರಮ

ದೀರ್ಘಕಾಲ, ನೈರಂತರ್ಯ, ಸತ್ಕಾರ ಎಂಬ ಮೂರರಿಂದ ಕೂಡಿದ ಅಭ್ಯಾಸವೇ ದೃಢವಾಗುವುದೆಂದು ಪತಂಜಲಿಗಳ ಮತ. ಈ ಮೂರರಲ್ಲಿ ಪೊನ್ನಂಪೇಟೆಯ ಬಾಲಕನಿಗೆ ದುರ್ಲಭವಾದದ್ದು ನೈರಂತರ್ಯ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ಅದರಲ್ಲಿಯೂ ಕಕ್ಕಡ ಮಾಸದಲ್ಲಿ, ಆ ನಾಡಿನ ಮಳೆ ಎಂಥದೆಂಬುದು ತಿಳಿದದ್ದೇ. ಬಯಲಿನ ಕೋರ್ಟಿನಲ್ಲಿ ನೀರು; ಒದ್ದೆಯಾದ ಚೆಂಡು ಬೆರಳಿನಿಂದ ಜಾರುತ್ತದೆ. ಮಳೆ ಬಿಟ್ಟ ಮೇಲೆ ಗೆರೆಯ ಮೇಲೆ ನಿಂತರೆ ಎಲ್ಲವನ್ನೂ ಮರೆತಂತೆ ತೋರುತ್ತದೆ. ಆದರೆ ಮರೆತದ್ದು ನಷ್ಟವಾಗಿಲ್ಲ. ಒಮ್ಮೆ ಕಲಿತು ಮರೆತದ್ದನ್ನು ಪುನಃ ಕಲಿಯುವುದಕ್ಕೆ ಮೊದಲಿಗಿಂತ ಕಡಮೆ ಕಾಲ ಸಾಕೆಂದು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ೧೮೮೫ರಲ್ಲಿ ಅರ್ಥರಹಿತ ಅಕ್ಷರಮಾಲೆಗಳ ಕಂಠಪಾಠದಿಂದ ಸಾಧಿಸಿ ತೋರಿಸಿದರು. ಹೊರಗೆ ಕಾಣದಿದ್ದರೂ ಸಂಸ್ಕಾರವು ಒಳಗೆ ಉಳಿದಿರುತ್ತದೆಂಬುದಕ್ಕೆ ಇದೇ ಲಿಂಗ. ಮಳೆಗಾಲದಲ್ಲಿ ಜಗಲಿಯ ಮೇಲೆ ಮಲಗಿ ಚೆಂಡನ್ನು ಒಂದೇ ಕೈಯಿಂದ ನೇರವಾಗಿ ಮೇಲಕ್ಕೆ ಎಸೆದು ಹಿಡಿಯುತ್ತಿದ್ದರೂ ಮಣಿಕಟ್ಟಿನ ಕೆಲಸವಾದರೂ ನಿಲ್ಲದೆ ನಡೆಯುತ್ತದೆ.

ಇನ್ನೊಂದು ಮಾತು ಆವೃತ್ತಿಯ ವಿಧಾನವನ್ನು ಕುರಿತದ್ದು. ಒಂದೇ ಸ್ಥಾನದಿಂದ ಒಂದೇ ರೀತಿಯಲ್ಲಿ ನೂರು ಸಲ ಎಸೆಯುವುದೇ ಶ್ರೇಷ್ಠವೆಂದು ತೋರುವುದು ಸಹಜ. ವೇದಪಾಠದ ಸಂಪ್ರದಾಯವು ಬೇರೆ ದಾರಿಯನ್ನು ಹಿಡಿದಿದೆ. ಸಂಹಿತೆಯಾದ ಮೇಲೆ ಪ್ರತಿಯೊಂದು ಪದವನ್ನೂ ಬಿಡಿಸುವುದು ಪದಪಾಠ. ಎರಡೆರಡು ಪದಗಳನ್ನು ಕೊಂಡಿಹಾಕುವುದು ಕ್ರಮ. ಅದನ್ನೇ ಮುಂದೆ, ಹಿಂದೆ, ಮತ್ತೆ ಮುಂದೆ ಹೇಳುವುದು ಜಟೆ. ಇದನ್ನು ಇನ್ನೂ ಹೆಣೆದದ್ದು ಘನ. ಪಾಠವನ್ನು ಅಕ್ಷರಲೋಪವಿಲ್ಲದೆ ಕಾಪಾಡುವುದೇ ಇದರ ಉದ್ದೇಶ. ಆದರೆ ಅದರ ಫಲವಾಗಿ ಯಾವ ಪದದಿಂದ ಎತ್ತಿಕೊಟ್ಟರೂ ಮುಂದುವರಿಸಬಲ್ಲ ಸಾಮರ್ಥ್ಯ ಘನಪಾಠಿಗೆ ಬರುತ್ತದೆ. ಎಸೆತದಲ್ಲಿಯೂ ಹಾಗೆಯೇ. ೧೯೭೮ರಲ್ಲಿ ಕರ್ ಮತ್ತು ಬೂತ್ ಎಂಬವರು ಮಕ್ಕಳಿಂದ ಕಾಳು ತುಂಬಿದ ಚಿಕ್ಕ ಚೀಲಗಳನ್ನು ಗುರಿಗೆ ಎಸೆಯಿಸಿ ಪರೀಕ್ಷಿಸಿದರು. ಎಂಟು ವರ್ಷದ ಮಕ್ಕಳಲ್ಲಿ ಕೆಲವರು ಮೂರು ಅಡಿಯಿಂದಲೇ ಅಭ್ಯಾಸಮಾಡಿದರು. ಕೆಲವರು ಎರಡು ಮತ್ತು ನಾಲ್ಕು ಅಡಿಗಳಿಂದ ಮಾಡಿದರು, ಮೂರು ಅಡಿಯಿಂದ ಮಾಡಲಿಲ್ಲ. ಕಡೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಎರಡನೆಯ ಗುಂಪೇ ಮೇಲಾಯಿತು. ಅಭ್ಯಾಸದ ಹೊತ್ತಿನಲ್ಲಿ ಹೆಚ್ಚು ತಪ್ಪುವಂತೆ ತೋರುವ ಕ್ರಮವೇ ಕೆಲವು ಸಲ ಕಡೆಗೆ ಹೆಚ್ಚು ಉಳಿಯುವ ಕ್ರಮವಾಗುತ್ತದೆ. ಆದುದರಿಂದ ನಿಂತಲ್ಲೇ ನಿಂತವನು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಒಂದು ಪಕ್ಕಕ್ಕೆ ಸರಿದು ಎಸೆದು ಮತ್ತೆ ಗೆರೆಗೆ ಬರುವುದು ಹಿತ.

೯. ಉಪಸಂಹಾರ

ಇಲ್ಲಿಯವರೆಗಿನ ವಿಚಾರದಿಂದ ಸಿದ್ಧಿಸಿದ್ದಿಷ್ಟು. ಪ್ರಗತಿಯಿಲ್ಲವೆಂಬುದು ಒಂದು ಸ್ಥಿತಿಯಲ್ಲ. ಹಲವು ಸ್ಥಿತಿಗಳಿಗೆ ಲೋಕವು ಕೊಟ್ಟ ಒಂದೇ ಹೆಸರು. ಸಂಶಯಕ್ಕೆ ಒಂದು ರೀತಿಯನ್ನು ಹಿಡಿಯುವುದು, ಭ್ರಾಂತಿಗೆ ಬಲ್ಲವನ ತಿದ್ದುಪಡಿ, ಅಲಬ್ಧಭೂಮಿಕತ್ವಕ್ಕೆ ಕಾಲ ಮತ್ತು ವೈವಿಧ್ಯ, ಅನವಸ್ಥಿತತ್ವಕ್ಕೆ ಉಸಿರಿನ ಮತ್ತು ದೃಷ್ಟಿಯ ಸ್ಥೈರ್ಯ, ಹೀಗೆ ಒಂದೊಂದಕ್ಕೆ ಒಂದೊಂದು ಪರಿಹಾರ. ಇವು ಯಾವುದೂ ಇಲ್ಲದೆ ಕೇವಲ ಎಣಿಕೆಯ ಏರಿಳಿತವೇ ಆಗಿದ್ದರೆ ಬೇಕಾದದ್ದು ದೊಡ್ಡ ಎಣಿಕೆಯೊಂದೇ. “ನಿನಗೆ ಇದು ಹತ್ತುವುದಿಲ್ಲ” ಎಂಬ ತೀರ್ಪಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಅದು ಉಳಿದೆಲ್ಲವನ್ನೂ ಪರೀಕ್ಷಿಸಿದ ಮೇಲೆ ಪರಿಶೇಷದಿಂದ ಬರಬೇಕಾದ ಮಾತು. ಸಾಮಾನ್ಯವಾಗಿ ಅದು ಮೊದಲೇ ಬಂದುಬಿಡುತ್ತದೆ.

ಹಳಗನ್ನಡವನ್ನು ಕಲಿಸುವ ಅಧ್ಯಾಪಕರು ಇದನ್ನು ತಮ್ಮ ತರಗತಿಗೆ ಹೊಂದಿಸಿಕೊಳ್ಳಬಹುದು. ಅಕ್ಷರವನ್ನು ಓದಬಲ್ಲ, ಪದವನ್ನು ಬಿಡಿಸಬಲ್ಲ ವಿದ್ಯಾರ್ಥಿಯು ಪದ್ಯದ ಅನ್ವಯಕ್ಕೆ ಬಂದಾಗ ತಿಂಗಳುಗಟ್ಟಲೆ ಮುಗ್ಗರಿಸುವುದುಂಟು. ಸಂಧಿಯನ್ನು ಬಿಡಿಸುವುದರಲ್ಲಿಯೇ ಅವನ ಚಿತ್ತವೆಲ್ಲ ವ್ಯಯವಾಗುತ್ತಿದ್ದು, ಅನ್ವಯಕ್ಕೆ ಏನೂ ಉಳಿದಿರುವುದಿಲ್ಲ. ಆ ಹುಡುಗನು ಮಂದನೋ, ಮುಂದಿನ ಭೂಮಿಕೆಯ ಹೊಸ್ತಿಲಲ್ಲಿ ನಿಂತವನೋ ಎಂಬುದನ್ನು ಒಂದು ದಿನದ ಪರೀಕ್ಷೆಯ ಅಂಕಗಳು ಹೇಳಲಾರವು. ಚೆಂಡಿನಂತೆ ಅವನ ತಪ್ಪು ಸದ್ದುಮಾಡಿ ಕೆಳಗೆ ಬೀಳುವುದಿಲ್ಲವಾದುದರಿಂದ ಅಧ್ಯಾಪಕನ ಪರೀಕ್ಷೆ ಇನ್ನಷ್ಟು ಸೂಕ್ಷ್ಮವಾಗಿರಬೇಕು. ಶಿಷ್ಯನ ಅಂತರಾಯವು ಯಾವುದೆಂದು ಹೆಸರಿಟ್ಟು ಹೇಳುವ ಗುರುವಿನ ಮುಂದೆ ದೌರ್ಮನಸ್ಯವು ಬಹುಕಾಲ ನಿಲ್ಲುವುದಿಲ್ಲ. ರೋಗದ ಹೆಸರು ತಿಳಿದ ರೋಗಿಗೆ ಅರ್ಧ ಧೈರ್ಯ ಬರುವಂತೆ, ತಾನು ನಿಂತ ನೆಲದ ಹೆಸರು ತಿಳಿದ ವಿದ್ಯಾರ್ಥಿಯು ಮತ್ತೊಮ್ಮೆ ಗೆರೆಯ ಹಿಂದೆ ಬಂದು ನಿಲ್ಲುತ್ತಾನೆ.